ಗಿಟಾರ್ ವೀರರ ಅಸ್ತಮಯ

ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಗಿಟಾರ್ ವಾದಕನು ವೀರಪದವಿಗೇರಿದುದು ವಿದ್ಯುಚ್ಛಕ್ತಿಯ ಬಲದಿಂದ. ಅದಕ್ಕೆ ಮೊದಲು ಆ ವಾದ್ಯದ ಮೆಲುದನಿಯು ವಾದ್ಯವೃಂದದ ತುತ್ತೂರಿ ನಗಾರಿಗಳ ನಡುವೆ ಅಡಗಿಹೋಗುತ್ತಿದ್ದಿತು. 1930ರ ದಶಕದಲ್ಲಿ ಧ್ವನಿವರ್ಧಕದ ನೆರವು ದೊರೆಯಿತು. 1939ರಲ್ಲಿ ಬೆನ್ನಿ ಗುಡ್‌ಮನ್‌ನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಗಿಟಾರನ್ನು ಏಕವಾದ್ಯವಾಗಿ ಮುಂದಕ್ಕೆ ತಂದನು. 1967ರಲ್ಲಿ ಮಾಂಟೆರೇ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿಯಿಟ್ಟಾಗ ಶ್ರೋತೃಗಳು ಪ್ರೇಕ್ಷಕರೂ ಆದರು.

ಅಂದಿನ ಹಾಡಿನಲ್ಲಿ ಸಾಹಿತ್ಯವು ತುಸು ನಿಂತು ವಾದ್ಯವೊಂದೇ ನುಡಿಯುವ ಎಡೆಯೊಂದು ಮೀಸಲಾಗಿದ್ದಿತು. ಮಹಾಕಾವ್ಯದಲ್ಲಿ ಕಥೆಯನ್ನು ತಡೆದು ನಿಲ್ಲಿಸುವ ವರ್ಣನೆಗಳಂತೆ ಅದು ಕೌಶಲಕ್ಕೆ ಬಿಟ್ಟ ತಾಣ. 1982ರಲ್ಲಿ ಮೈಕಲ್ ಜಾಕ್ಸನ್‌ನ ‘ಬೀಟ್ ಇಟ್’ ಹಾಡಿಗೆ ಎಡ್ಡಿ ವ್ಯಾನ್ ಹೇಲನ್ ನುಡಿಸಿದ ಭಾಗವೇ ಇದಕ್ಕೆ ನಿದರ್ಶನ. 1991ರಲ್ಲಿ ನಿರ್ವಾಣ ತಂಡದ ಕರ್ಟ್ ಕೋಬೇನ್ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿನಲ್ಲಿ ಅದೇ ಎಡೆಗೆ ಬಂದಾಗ ಚರಣದ ಮಟ್ಟನ್ನೇ ಹೆಚ್ಚುಕಡಮೆ ಮರಳಿ ನುಡಿಸಿದನು. ಎಡೆಯು ಉಳಿಯಿತು, ಪ್ರದರ್ಶನವು ತೊಲಗಿತು.

ಮುಂದೆ ಹಾಡುಗಳು ಗಣಕಯಂತ್ರದಲ್ಲಿ ಧ್ವನಿಖಂಡಗಳ ಜೋಡಣೆಯಿಂದ ಸಿದ್ಧವಾಗತೊಡಗಿದುವು. ಹಿಪ್‌ಹಾಪ್‌ನಲ್ಲಿ ಮಾತಿನ ಲಯವೂ ತಾಳದ ಆವರ್ತನೆಯೂ ಪ್ರಧಾನವಾದುವು. ವಾದಕನ ಎಡೆಯೇ ಅಳಿಯತೊಡಗಿತು. 2018ರಲ್ಲಿ ಗಿಬ್ಸನ್ ಸಂಸ್ಥೆಯು ದಿವಾಳಿ ಕಾನೂನಿನ ರಕ್ಷಣೆಯನ್ನು ಕೋರಿದಾಗ ಗಿಟಾರೇ ಗತಿಸಿತೆಂದು ಕೆಲವರು ಬಗೆದರು. ಅದು ಸರಿಯಲ್ಲ. ಆ ಸಾಲದ ಹೊರೆಯು ಬಹುಮಟ್ಟಿಗೆ ಇತರ ಧ್ವನಿಯಂತ್ರಗಳ ವ್ಯಾಪಾರದಿಂದ ಬೆಳೆದುದು. ಫೆಂಡರ್ ಸಂಸ್ಥೆಯಾದರೋ 2020ರಲ್ಲಿ ಅದುವರೆಗಿನ ಅತ್ಯಧಿಕ ಮಾರಾಟವನ್ನು ಕಂಡಿತು. ವಾದ್ಯವು ಉಳಿದಿದೆ, ಕಲಿಯುವವರೂ ಇದ್ದಾರೆ. ಬಹುಕಾಲದ ಸಾಧನೆಯಿಂದ ಪಳಗಿದ ಕೈಯೊಂದನ್ನು ಹಾಡಿನ ನಡುವೆ ತಾಳ್ಮೆಯಿಂದ ಆಲಿಸುವ ಪದ್ಧತಿಯು ಮಾತ್ರ ಜನಪ್ರಿಯ ಗೀತದಲ್ಲಿ ವಿರಳವಾಗಿದೆ.