ಸಭೆಯ ಏಳು ದಿನ

ಹುಮನಾಬಾದ ತಾಲ್ಲೂಕಿನ ದುಬಲಗುಂಡಿಯ ಸೀಮೆ, ಅತ್ತ ಬಸವಕಲ್ಯಾಣದ ಕಡೆಯ ಹಳ್ಳಿಗಳು, ಇತ್ತ ಬೀದರಿನ ದಾರಿ. ಈ ಭಾಗದಲ್ಲಿ ಕ್ರೈಸ್ತ ಕುಟುಂಬಗಳು ಹಲವು ತಲೆಮಾರುಗಳಿಂದ ಬಾಳಿಕೊಂಡು ಬಂದಿವೆ. ಹೊರಗಿನವರ ಕಣ್ಣಿಗೆ ಅವರ ಧರ್ಮಾಚರಣೆ ಬೀಳುವುದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ: ಒಗೆದ ಬಟ್ಟೆ, ಕಂಕುಳಲ್ಲಿ ಬೈಬಲ್, ಮಕ್ಕಳ ಕೈ ಹಿಡಿದು ಚರ್ಚಿನತ್ತ ನಡೆಯುವ ತಾಯಂದಿರು. ಆದರೆ ಸಭೆಯನ್ನು ಹಿಡಿದು ನಿಲ್ಲಿಸಿರುವುದು ಸೋಮವಾರದಿಂದ ಶನಿವಾರದವರೆಗೆ ಮನೆಮನೆಗಳಲ್ಲಿ ನಡೆಯುವ ಕೆಲಸ. ಕಟ್ಟಡಕ್ಕೆ ಚರ್ಚು ಎಂದೂ ಅಲ್ಲಿ ಕೂಡುವ ಜನಕ್ಕೆ ಸಭೆ ಎಂದೂ ಇವರು ಕರೆಯುತ್ತಾರೆ. ಈ ಅಧ್ಯಾಯ ಸಭೆಯ ಕುರಿತದ್ದು.

ಬೀದರ ಜಿಲ್ಲೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಿನವು ಮೆಥೊಡಿಸ್ಟ್ ಸಭೆಗಳು. ಲುಥೆರನ್ ಎಂಬ ಹೆಸರು ಹೊತ್ತ ಸಭೆಗಳನ್ನು ಕರ್ನಾಟಕದಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೂ ಬೆಂಗಳೂರಿನಲ್ಲೂ ನೋಡಬಹುದು. ಅಲ್ಲಿನ ಆರಾಧನೆ ಬಹುಪಾಲು ತಮಿಳಿನಲ್ಲಿ. ಆದರೂ ದುಬಲಗುಂಡಿ ಸೀಮೆಯ ಮೆಥೊಡಿಸ್ಟ್ ಮನೆಯ ಸಂಜೆ ಪ್ರಾರ್ಥನೆಯ ಜಾಡು ಹಿಡಿದು ಹಿಂದಕ್ಕೆ ನಡೆದರೆ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರರ ಮನೆಬಾಗಿಲಿಗೇ ಬಂದು ನಿಲ್ಲುತ್ತೇವೆ.

1529ರಲ್ಲಿ ಲೂಥರ್ 'ಸಣ್ಣ ಕ್ಯಾಟಕಿಸಂ' ಎಂಬ ಪ್ರಶ್ನೋತ್ತರ ಪಾಠವನ್ನು ಬರೆದರು. ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನು ಕಲಿಸಿದ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ ಇವೇ ಅದರ ಮುಖ್ಯ ಭಾಗಗಳು. ಪುಸ್ತಕವಾಗುವ ಮೊದಲು ಅದು ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ ಅಚ್ಚಾಯಿತು. ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಸರಳವಾಗಿ ಹೇಳಿಕೊಡಬೇಕು ಎಂಬ ಸೂಚನೆ ಪ್ರತಿ ಭಾಗದ ತಲೆಯ ಮೇಲಿತ್ತು. ಧರ್ಮದ ಪಾಠ ಹೇಳುವ ಹಕ್ಕು ಪಾದ್ರಿಯ ಪೀಠದಿಂದ ಇಳಿದು ಊಟದ ಮನೆಗೆ ಬಂದದ್ದು ಹೀಗೆ. ಅದಕ್ಕೂ ಮೊದಲೇ, 1524ರಲ್ಲಿ, ಎಂಟೇ ಹಾಡುಗಳ ಒಂದು ಪುಟ್ಟ ಜರ್ಮನ್ ಗೀತಪುಸ್ತಕ ಹೊರಬಂದಿತ್ತು; ಅದರಲ್ಲಿ ನಾಲ್ಕು ಲೂಥರರವೇ. ಗಾಯಕ ವೃಂದ ಲ್ಯಾಟಿನ್‌ನಲ್ಲಿ ಹಾಡಿದ್ದನ್ನು ಜನ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಇಡೀ ಸಭೆ ತನ್ನ ಮನೆಮಾತಿನಲ್ಲಿ ಬಾಯ್ತೆರೆದು ಹಾಡುವ ರೂಢಿಗೆ ಅದು ನಾಂದಿ.

ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಲುಥೆರನ್ ಸಭೆಯೂ ಬರೀ ಭಾನುವಾರದ ಸಭೆಯಾಗತೊಡಗಿತ್ತು. 1670ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ ತಮ್ಮ ಮನೆಯಲ್ಲೇ ಸಣ್ಣ ಕೂಟ ಆರಂಭಿಸಿದರು: ಒಟ್ಟಿಗೆ ಓದುವುದು, ಓದಿದ್ದನ್ನು ಚರ್ಚಿಸುವುದು, ಪ್ರಾರ್ಥಿಸುವುದು. ಪಯಟಿಸಂ ಎಂಬ ಭಕ್ತಿ ಚಳವಳಿ ಅಲ್ಲಿಂದ ಹಬ್ಬಿತು. ಅದರ ಕೇಂದ್ರವಾಗಿದ್ದ ಹಾಲೆ ನಗರದಲ್ಲಿ ಶಿಕ್ಷಣ ಪಡೆದ ಮಿಷನರಿ ಸೀಗನ್‌ಬಾಲ್ಗ್ 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದರು. ಭಾರತದಲ್ಲಿ ಪ್ರೊಟೆಸ್ಟಂಟ್ ಮಿಷನ್ನಿನ ಕಥೆ ಆರಂಭವಾಗುವುದೇ ಅಲ್ಲಿಂದ. ಅದೇ ಭಕ್ತಿ ಚಳವಳಿಯ ಮಡಿಲಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. 1834ರಲ್ಲಿ ಅದರ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆಗಳು ಕಟ್ಟಿಕೊಂಡವು. ಲುಥೆರನ್, ರಿಫಾರ್ಮ್ಡ್ ಎರಡೂ ಪರಂಪರೆಗಳು ಬೆರೆತ ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, ಸೇರಿವೆ. ನಿಘಂಟಿನಿಂದ ನಾವೆಲ್ಲ ಬಲ್ಲ ಕಿಟೆಲ್ ಬಂದದ್ದೂ ಈ ಮಿಷನ್ನಿನ ಮೂಲಕವೇ. ಅವರು 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಎಂದು ಹೆಸರಿಟ್ಟರು. ಮನೆಮಾತಿನಲ್ಲಿ ಹಾಡಬೇಕೆಂಬ ಲೂಥರರ ಹಂಬಲ ಕನ್ನಡದ ಲಯಕ್ಕೆ ಇಳಿದದ್ದು ಇಂಥವರ ಕೈಯಲ್ಲಿ.

ಬೀದರಿಗೆ ಬಂದ ಹೊಳೆ ಬೇರೆ, ಆದರೆ ಊಟೆ ಅದೇ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ಲೂಥರರ ಬರಹವನ್ನು, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಅವರು ಬರೆದ ಮುನ್ನುಡಿಯನ್ನು, ಓದುತ್ತಿದ್ದರು. ಕೇಳುತ್ತಿದ್ದವರಲ್ಲಿ ಜಾನ್ ವೆಸ್ಲಿ ಎಂಬ ಆಂಗ್ಲಿಕನ್ ಪಾದ್ರಿಯೂ ಇದ್ದರು. ತಮ್ಮ ಬಾಳು ತಿರುಗಿದ್ದು ಆ ಗಳಿಗೆಯಲ್ಲಿ ಎಂದು ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮೆಥೊಡಿಸ್ಟ್ ಚಳವಳಿ ಬಲಗೊಂಡದ್ದು ಅದರ ನಂತರ.

ಆ ಚಳವಳಿ ಮನೆಮನೆಗೆ ಇಳಿದದ್ದರ ಹಿಂದೆ ಒಂದು ಸಾಲದ ಕಥೆಯಿದೆ. ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರು ಕಟ್ಟಿದ್ದ ಪ್ರಾರ್ಥನಾ ಮಂದಿರದ ಮೇಲೆ ಸಾಲ ಉಳಿದಿತ್ತು. 1742ರಲ್ಲಿ ಅದನ್ನು ತೀರಿಸುವ ಮಾತು ಬಂದಾಗ ಫಾಯ್ ಎಂಬ ಕ್ಯಾಪ್ಟನ್, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಬಹಳ ಮಂದಿಗೆ ಅಷ್ಟೂ ಕೈಲಾಗದು ಎಂದರು. ಹಾಗಾದರೆ ಅತಿ ಬಡವರಾದ 11 ಜನರನ್ನು ನನ್ನ ಪಾಲಿಗೆ ಬಿಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರ ಪೆನ್ನಿಯನ್ನು ನಾನೇ ಹಾಕುತ್ತೇನೆ ಎಂದು ಆತ ಹೊಣೆ ಹೊತ್ತ. ಉಳಿದವರೂ ಹಾಗೆಯೇ ಹಂಚಿಕೊಂಡರು. ಪೆನ್ನಿ ಕೇಳಲು ಹೋದವರಿಗೆ ಮನೆಯೊಳಗಿನ ಕಷ್ಟ ಕಂಡಿತು: ಕಾಯಿಲೆ, ಕುಡಿತ, ಗಂಡಹೆಂಡಿರ ಜಗಳ, ಬರಿದಾದ ಒಲೆ. ವೆಸ್ಲಿಗೆ ಇದರ ಬೆಲೆ ತಕ್ಷಣ ತಿಳಿಯಿತು. ಸಾಲ ವಸೂಲಿಗೆಂದು ಹುಟ್ಟಿದ ಏರ್ಪಾಡು 'ಕ್ಲಾಸ್ ಮೀಟಿಂಗ್' ಆಯಿತು. ಹನ್ನೆರಡು ಮಂದಿಯ ಒಂದೊಂದು ಗುಂಪಿಗೆ ಒಬ್ಬ ಮುಂದಾಳು, ವಾರಕ್ಕೊಮ್ಮೆ ಕೂಟ, ಒಬ್ಬರ ಬಾಳಿಗೆ ಇನ್ನೊಬ್ಬರ ಕಾವಲು. ಮುಂದಾಳು ಪಾದ್ರಿಯಾಗಿರಬೇಕಿರಲಿಲ್ಲ. ಹೆಂಗಸರೂ ಮುಂದಾಳುಗಳಾದರು.

ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ 1856ರಲ್ಲಿ ಉತ್ತರ ಭಾರತದಲ್ಲಿ ಕೆಲಸ ಆರಂಭಿಸಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ ಸೀಮೆಗೂ ಬಂದಿತು. ಶಾಲೆ, ವಸತಿನಿಲಯ, ಆಸ್ಪತ್ರೆ ಅದರ ಜೊತೆಗೆ ಬಂದವು. ಸಭೆ ಸೇರಿದವರಲ್ಲಿ ಬಹುಪಾಲು ದಲಿತ ಕೇರಿಗಳವರು. ಗುಡಿಯೊಳಗೆ ಕಾಲಿಡಲು, ಓದಲು, ಊರ ಬಾವಿಯ ನೀರು ಮುಟ್ಟಲು ಬಿಡದಿದ್ದ ಕಾಲದಲ್ಲಿ, ಕೂತು ಓದು ಎಂದು ಕೈಗೆ ಪುಸ್ತಕ ಕೊಟ್ಟ ಜಾಗ ಅವರಿಗೆ ಎಷ್ಟು ದೊಡ್ಡದಾಗಿ ಕಂಡಿರಬೇಕು! 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರ ಆಡಳಿತ ಪಡೆಯಿತು.

ಮೆಥೊಡಿಸ್ಟ್ ಪದ್ಧತಿಯಲ್ಲಿ ಪಾಸ್ಟರನ್ನು ಒಂದೆಡೆ ನೆಲೆಯೂರಲು ಬಿಡುವುದಿಲ್ಲ. ಬಿಷಪ್ಪರು ವಾರ್ಷಿಕ ಕಾನ್ಫರೆನ್ಸಿನಲ್ಲಿ ನೇಮಕದ ಪಟ್ಟಿ ಓದುತ್ತಾರೆ; ಕೆಲವು ವರ್ಷಕ್ಕೊಮ್ಮೆ ಪಾಸ್ಟರ್ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೊರಡುತ್ತಾರೆ. ಒಬ್ಬರ ಪಾಲಿಗೆ ಒಂದಕ್ಕಿಂತ ಹೆಚ್ಚು ಹಳ್ಳಿ ಬರುವುದೂ ಸಾಮಾನ್ಯ. ಪಾಸ್ಟರ್ ಬಂದುಹೋಗುವವರು, ಊರಿನಲ್ಲಿ ಉಳಿಯುವವರು ಸಭೆಯ ಹಿರಿಯರು. ವಾರದ ಕೆಲಸದ ಭಾರ ಬೀಳುವುದು ಈ ಹಿರಿಯರ ಮೇಲೆ, ಅದಕ್ಕಿಂತ ಹೆಚ್ಚಾಗಿ ಹೆಂಗಸರ ಮೇಲೆ.

ಮನೆಪ್ರಾರ್ಥನೆಯಿಂದ ನೋಡೋಣ. "ಈ ವಾರ ನಮ್ಮ ಮನ್ಯಾಗ ಪ್ರಾರ್ಥನಿ ಅದ, ಬರ್ರಿ" ಎಂದು ಒಂದು ಮನೆಯವರು ಕರೆದರೆ, ಹೊಲದ ಕೆಲಸ ಮುಗಿದು, ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ ಜನ ಕೂಡುತ್ತಾರೆ. ಪಡಸಾಲೆಯಲ್ಲಿ ಜಮಖಾನೆ, ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ಒಬ್ಬರು ಹಾಡು ಎತ್ತುತ್ತಾರೆ, ಉಳಿದವರು ತಾಳ ಹಿಡಿಯುತ್ತಾರೆ. ಹಾಡುಪುಸ್ತಕವಿದ್ದರೂ ಮುದುಕಿಯರು ಅದನ್ನು ತೆರೆಯುವುದಿಲ್ಲ, ಹಾಡೆಲ್ಲ ಬಾಯಿಪಾಠ. ಶಾಲೆಗೆ ಹೋಗುವ ಹುಡುಗಿಯ ಕೈಗೆ ಬೈಬಲ್ ಕೊಟ್ಟು ಓದಿಸುತ್ತಾರೆ. ಮನೆಯ ಹಿರಿಯರಿಗೆ ಅಕ್ಷರ ಬಾರದಿದ್ದರೆ ಅವರ ಮುಂದೆ ಅವರ ಮೊಮ್ಮಗಳೇ ಓದುವವಳು. ಆಮೇಲೆ ಸಾಕ್ಷಿ: ಮಗನ ಜ್ವರ ಇಳಿದದ್ದು, ಎಮ್ಮೆ ಕರು ಹಾಕಿದ್ದು, ಕೋರ್ಟಿನ ತಾರೀಖು ಮುಂದೆ ಹೋದದ್ದು ಎಲ್ಲವೂ ಅಲ್ಲಿ ಹೇಳುವ ಮಾತೇ. ಪ್ರಾರ್ಥನೆಯ ಬೇಡಿಕೆಗಳು ಬಂದಾಗ ಯಾರ ಮನೆಯಲ್ಲಿ ಏನು ತೊಂದರೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಮರುದಿನ ಒಬ್ಬರು ಆಸ್ಪತ್ರೆಗೆ ಜೊತೆ ಹೋಗುತ್ತಾರೆ, ಇನ್ನೊಬ್ಬರು ಕೈಗಡ ಕೊಡುತ್ತಾರೆ. ಕೊನೆಗೆ ಎಲ್ಲರಿಗೂ ಚಹಾ. ಬ್ರಿಸ್ಟಲ್‌ನ ಕ್ಯಾಪ್ಟನ್ ಮನೆಮನೆ ಸುತ್ತಿ ಮಾಡಿದ್ದು ಇದನ್ನೇ.

ವಾರದಲ್ಲಿ ಒಂದು ದಿನ ಹೆಂಗಸರ ಕೂಟ. ಇದರ ಹಿಂದೆಯೂ ಒಂದು ಇತಿಹಾಸವಿದೆ. 1869ರಲ್ಲಿ ಬಾಸ್ಟನ್ನಿನ ಮೆಥೊಡಿಸ್ಟ್ ಹೆಂಗಸರು ತಮ್ಮದೇ ಮಿಷನ್ ಸಂಘ ಕಟ್ಟಿ, ವಾರಕ್ಕೆ ಎರಡು ಸೆಂಟ್ ಮತ್ತು ಒಂದು ಪ್ರಾರ್ಥನೆ ಎಂಬ ಲೆಕ್ಕದಲ್ಲಿ ಹಣ ಕೂಡಿಸಿದರು. ಆ ಚಿಲ್ಲರೆಯಿಂದಲೇ ಶಿಕ್ಷಕಿ ಇಸಬೆಲ್ಲಾ ಥೋಬರ್ನ್, ವೈದ್ಯೆ ಕ್ಲಾರಾ ಸ್ವೇನ್ ಭಾರತಕ್ಕೆ ಬಂದರು. ನಮ್ಮ ಹಳ್ಳಿಗಳ ಹಿಡಿಕಾಳು ಅದೇ ಜಾತಿಯ ಕಾಣಿಕೆ: ಅಡುಗೆಗೆ ಕೂರುವ ಮುಂಚೆ ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಬೇರೆ ಡಬ್ಬಿಗೆ ಹಾಕಿಟ್ಟು, ಕೂಡಿದ್ದನ್ನು ಸಭೆಗೆ ಕೊಡುವುದು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಿಂದ ಇದೇ ರೀತಿ ಹಿಡಿ ಅಕ್ಕಿ ತೆಗೆದಿಡುತ್ತಾ ಸಭೆಯ ಖರ್ಚಿಗೆ ಹೆಗಲು ಕೊಡುತ್ತಿದ್ದಾರೆ. ಕೈಯಲ್ಲಿ ರೊಕ್ಕವಿಲ್ಲದ ಹೆಂಗಸೂ ಕೊಡುವವಳಾಗಿ ತಲೆ ಎತ್ತಿ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಶುಕ್ರವಾರ ಹಲವು ಸಭೆಗಳಲ್ಲಿ ಉಪವಾಸ ಪ್ರಾರ್ಥನೆ. ಶನಿವಾರ ಸಂಜೆ ಹುಡುಗ ಹುಡುಗಿಯರು ಹಾಡಿನ ತಾಲೀಮಿಗೆ ಕೂಡುತ್ತಾರೆ. ಹಾರ್ಮೋನಿಯಂ, ತಬಲಾ ಇದ್ದಲ್ಲಿ ಈಗ ಕೀಬೋರ್ಡೂ ಬಂದಿದೆ. ಚರ್ಚಿನ ಕಸ ಗುಡಿಸಿ, ಚಾಪೆ ಹಾಸಿ ಇಡುವುದೂ ಅಂದೇ.

ಭಾನುವಾರ ಮೊದಲು ಮಕ್ಕಳ ಸಂಡೇಸ್ಕೂಲು, ಕಥೆ, ಬಾಯಿಪಾಠದ ವಾಕ್ಯ. ಆಮೇಲೆ ದೊಡ್ಡವರ ಆರಾಧನೆ: ಹಾಡು, ಪಾಪ ಅರಿಕೆ, ವಾಕ್ಯಪಠಣ, ಪ್ರಸಂಗ, ಕಾಣಿಕೆ, ಆಶೀರ್ವಾದ. ತಿಂಗಳಿಗೊಮ್ಮೆ ಕರ್ತನ ಭೋಜನವಿದ್ದರೆ ಒಂದು ವ್ಯತ್ಯಾಸ ಗಮನಿಸಿ. ಲುಥೆರನ್ ಸಭೆಗಳಲ್ಲಿ ಸಾಮಾನ್ಯವಾಗಿ ದ್ರಾಕ್ಷಾರಸವೆಂದರೆ ವೈನ್. ಮೆಥೊಡಿಸ್ಟರು ಕುಡಿತದ ವಿರುದ್ಧ ಗಟ್ಟಿಯಾಗಿ ನಿಂತವರು, ಹಾಗಾಗಿ ಹುಳಿಬಾರದ ರಸವೇ ಅವರಿಗೆ ಬೇಕು. 1869ರಲ್ಲಿ ಅಮೆರಿಕದ ಮೆಥೊಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ ರಸವನ್ನು ಕಾಯಿಸಿ ಕೆಡದಂತೆ ಇಡುವ ವಿಧಾನ ಕಂಡುಕೊಂಡದ್ದು ಈ ಮೇಜಿಗಾಗಿಯೇ. ಹಳ್ಳಿಯಲ್ಲಿ ಒಣದ್ರಾಕ್ಷಿ ನೆನೆಸಿ, ಕುದಿಸಿ, ಸೋಸಿದರೆ ಆ ಕೆಲಸ ಮುಗಿಯಿತು.

ಬೆಳೆ ಬಂದ ಮೇಲೆ ಸುಗ್ಗಿಯ ಆರಾಧನೆ. ತೊಗರಿ, ಹೆಸರು, ಉದ್ದು, ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವೂ ಪೀಠದ ಮುಂದೆ ಬರುತ್ತವೆ. ಆರಾಧನೆ ಮುಗಿದೊಡನೆ ಹರಾಜು. ಒಂದು ಕುಂಬಳಕಾಯಿಯ ಬೆಲೆ ಪೇಟೆಯ ದರ ದಾಟಿ ಎಲ್ಲೋ ಹೋಗಿ ನಿಲ್ಲುತ್ತದೆ, ಕೊಂಡವನು ಅದನ್ನೇ ಮತ್ತೆ ಸಭೆಗೆ ಬಿಟ್ಟುಕೊಟ್ಟು ಎರಡನೆಯ ಸಲ ಹರಾಜಿಗೆ ಹಾಕಿಸುತ್ತಾನೆ. ನವೆಂಬರಿನಲ್ಲಿ ವಿಕಾರಾಬಾದ ಹತ್ತಿರದ ಧಾರೂರಿನಲ್ಲಿ ಮೆಥೊಡಿಸ್ಟರ ದೊಡ್ಡ ಜಾತ್ರೆ ಸೇರುತ್ತದೆ. ಹಳೆಯ ಹೈದರಾಬಾದ್ ಸಂಸ್ಥಾನದ ಗಡಿ ನಕ್ಷೆಯಿಂದ ಅಳಿಸಿಹೋದರೂ ಆ ಕಾಲದ ನಂಟು ಇಂಥ ಕಡೆ ಉಳಿದಿದೆ. ಡಿಸೆಂಬರಿನ ರಾತ್ರಿಗಳಲ್ಲಿ ಮನೆಮನೆಗೆ ಹಾಡುತ್ತಾ ಹೋಗುವುದು, 31ರ ನಡುರಾತ್ರಿ ಚರ್ಚಿನಲ್ಲಿ ಕೂಡಿ ಹೊಸ ವರ್ಷವನ್ನು ಪ್ರಾರ್ಥನೆಯಲ್ಲಿ ಎದುರುಗೊಳ್ಳುವುದು. ಈ ಜಾಗರಣೆಯನ್ನು ವೆಸ್ಲಿಯ ಜನ 18ನೇ ಶತಮಾನದಲ್ಲೇ ರೂಢಿಗೆ ತಂದಿದ್ದರು.

ಕಷ್ಟಗಳನ್ನೂ ಹೇಳಲೇಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ, ಸಿಖ್, ಬೌದ್ಧರಿಗಷ್ಟೇ ಅನ್ವಯಿಸುತ್ತದೆ. ಕ್ರೈಸ್ತರಾದ ದಲಿತರು ಅದರ ಹೊರಗೆ. ಕರ್ನಾಟಕ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ಕೇರಿ ಅದೇ, ಬಡತನ ಅದೇ, ಊರಿನವರು ನೋಡುವ ನೋಟವೂ ಅದೇ ಇರುವಾಗ ಈ ಗೆರೆ ನನಗೆ ನ್ಯಾಯವೆನಿಸುವುದಿಲ್ಲ. ದುಡಿಮೆ ಅರಸಿ ಹೈದರಾಬಾದ್, ಪುಣೆ, ಮುಂಬೈಗೆ ಹೋದ ಮಕ್ಕಳಿಂದಾಗಿ ಹಲವು ಮನೆಗಳಲ್ಲಿ ಉಳಿದವರು ಮುದುಕರೇ. ಕ್ರಿಸ್ಮಸ್ಸಿಗೆ ತುಂಬಿ ತುಳುಕುವ ಚರ್ಚು ಜೂನಿನಲ್ಲಿ ಅರ್ಧ ಖಾಲಿ. ಈಗ ಮನೆಪ್ರಾರ್ಥನೆಗೆ ದೂರದ ಮಗ ಫೋನಿನ ವಿಡಿಯೋದಲ್ಲಿ ಬಂದು ಕೂರುವುದುಂಟು.

ಕೊನೆಯದಾಗಿ, ಸಭೆಗಳ ಹಿರಿಯರಲ್ಲಿ ಒಂದು ಬಿನ್ನಹ. ನಿಮ್ಮ ಚರ್ಚಿನ ಬೀರುವಿನಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆ ಪುಸ್ತಕಗಳಿವೆ; ಹೆಂಗಸರ ಕೂಟದ ಲೆಕ್ಕದ ವಹಿ, ಹಾಡು ಬರೆದಿಟ್ಟ ನೋಟುಬುಕ್ಕುಗಳಿವೆ. ದೇಶಮುಖರ, ಜಹಗೀರುದಾರರ ಹೆಸರುಗಳು ಸರ್ಕಾರಿ ಕಡತಗಳಲ್ಲಿ ಸಿಗುತ್ತವೆ. ನಿಮ್ಮ ಮುತ್ತಜ್ಜಿಯ ಹೆಸರು ಬರಹದಲ್ಲಿ ಉಳಿದಿರುವುದು ಬಹುಶಃ ಚರ್ಚಿನ ಆ ಪುಸ್ತಕಗಳಲ್ಲಿ ಮಾತ್ರ. ಗೆದ್ದಲು ಹಿಡಿಯುವ ಮುನ್ನ ಅವುಗಳ ಧೂಳು ಕೊಡವಿ, ಒಣ ಜಾಗದಲ್ಲಿಡಿ, ಪ್ರತಿ ಪುಟದ ಫೋಟೋ ತೆಗೆಸಿಡಿ. ಹಾಡು ಬಲ್ಲ ಅಜ್ಜಿಯರನ್ನು ಕೂರಿಸಿ ಅವರ ದನಿಯನ್ನು ಫೋನಿನಲ್ಲಿ ಹಿಡಿದಿಡಿ. ಈ ಕೆಲಸಕ್ಕೆ ಪಾಸ್ಟರ್ ಬರುವವರೆಗೆ ಕಾಯಬೇಕಾಗಿಲ್ಲ.