ಗೋಡೆ ಒಡೆಯುವ ಮುಂಚೆ ಅಜ್ಜಿಯನ್ನು ಕೇಳಿ

ಕೆಲಸದಲ್ಲಿದ್ದಷ್ಟು ಕಾಲವೂ ನಾನು ನಕ್ಷೆ ಬರೆದವನು. ಸರ್ಕಾರಿ ಕ್ವಾರ್ಟರ್ಸು, ಶಾಲೆ, ಪಶು ಆಸ್ಪತ್ರೆ, ರಜಾದಿನಗಳಲ್ಲಿ ನೆಂಟರಿಷ್ಟರ ಮನೆಗಳು. ಅಡುಗೆಕಟ್ಟೆಯ ಎತ್ತರ ಬರೆಯುವ ಜಾಗ ಬಂದರೆ ಪೆನ್ಸಿಲ್ಲು ತಾನಾಗಿಯೇ 34 ಇಂಚು ಎಂದು ಬರೆದುಬಿಡುತ್ತಿತ್ತು. ಮೈಸೂರಿನ 30–40ರ ಸೈಟಿನಲ್ಲಿ 1988ರಲ್ಲಿ ನಾವು ಕಟ್ಟಿಸಿದ ಮನೆಗೂ ಅದೇ ಅಳತೆ.

ನನ್ನ ಹೆಂಡತಿಯ ಎತ್ತರ 4 ಅಡಿ 10 ಇಂಚು. ಆ ಕಟ್ಟೆಯ ಮೇಲೆ ತರಕಾರಿ ಹೆಚ್ಚಬೇಕಾದರೆ ಅವಳ ಭುಜ ಮೇಲಕ್ಕೆದ್ದುಬಿಡುತ್ತಿತ್ತು. ಗೃಹಪ್ರವೇಶವಾದ ವಾರದೊಳಗೇ ಊಟದ ಮಣೆಯೊಂದನ್ನು ತಂದು ಕಟ್ಟೆಯ ಮುಂದೆ ಹಾಕಿಕೊಂಡಳು. ಮೂವತ್ತೈದು ವರ್ಷ ಆ ಮಣೆಯ ಮೇಲೆ ನಿಂತೇ ಅಡುಗೆ ಮಾಡಿದಳು. ದಿನಾ ನೋಡುತ್ತಿದ್ದೆ. ಅದು ಅವಳ ಅಭ್ಯಾಸ ಎಂದುಕೊಂಡಿದ್ದೆನೇ ಹೊರತು ನನ್ನ ನಕ್ಷೆಯ ತಪ್ಪು ಎಂದು ಹೊಳೆಯಲೇ ಇಲ್ಲ.

ಒಂದು ಮಳೆಗಾಲದ ಬೆಳಗ್ಗೆ ಆ ಮಣೆ ಒದ್ದೆ ನೆಲದ ಮೇಲೆ ಜಾರಿತು. ನಾನು ಮುಂದಿನ ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಸೊಸೆ ತನ್ನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದಳು. ಒಗ್ಗರಣೆಯ ಘಾಟು ಅವಳ ಕೋಣೆಗೆ ಹೋಗದಿರಲಿ ಎಂದು ನನ್ನಾಕೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ನೀರಿನ ಬಾಟಲಿ ತುಂಬಿಸಿಕೊಳ್ಳಲು ಹೋದ ಮೊಮ್ಮಗಳು ಕೂಗಿಕೊಂಡಾಗಲೇ ನಮಗೆ ಗೊತ್ತಾದದ್ದು. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಮಣಿಕಟ್ಟಿನ ಮೂಳೆ ಸೀಳಿತ್ತು; ಆರು ವಾರ ಪ್ಲಾಸ್ಟರ್.

“ಎಷ್ಟು ಸಲ ಕರೆದೆ ಗೊತ್ತಾ ನಿಮ್ಮನ್ನ?” ಎಂದಳು, ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ. ಬೇರೇನೂ ಹೇಳಲಿಲ್ಲ.

ಆ ಸಂಜೆಯೇ ನಾನು ಹಳೆಯ ನಕ್ಷೆ ಹುಡುಕಿ ತೆಗೆದೆ. ಅಡುಗೆಮನೆ 12 ಅಡಿ ಉದ್ದ, 8 ಅಡಿ ಅಗಲ. ಅದಕ್ಕೂ ಊಟದ ಹಾಲ್‌ಗೂ ನಡುವೆ ಒಂದು ಗೋಡೆ. ಆ ಗೋಡೆ ಹೋದರೆ ಎರಡೂ ಒಂದೇ. ಸೊಸೆಯ ಕಂಪ್ಯೂಟರು, ಮೊಮ್ಮಗಳ ಹೋಂವರ್ಕು, ಅಡುಗೆ ಎಲ್ಲ ಒಂದೇ ಕಡೆ. ಯಾರು ಕರೆದರೂ ಎಲ್ಲರಿಗೂ ಕೇಳುತ್ತದೆ. ಹುಮ್ಮಸ್ಸಿನಿಂದ ಹೊಸ ನಕ್ಷೆ ಬರೆದು ರಾತ್ರಿ ಊಟಕ್ಕೆ ಮುಂಚೆ ಎಲ್ಲರಿಗೂ ತೋರಿಸಿದೆ.

“ನನ್ನನ್ನ ಕೇಳಿದ್ರಾ?” ಎಂದಳು ನನ್ನಾಕೆ. “ಆ ಗೋಡೆ ಇದ್ರೆ ನನಗೊಂದು ಮರೆ ಕಣ್ರೀ. ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಎಲ್ಲ ಮುಗಿಸಿ ಅಲ್ಲಿ ಕೂತು ವಾರಪತ್ರಿಕೆ ಓದ್ತೀನಿ. ನಮ್ಮಮ್ಮ ಹೋದಾಗ ಅಲ್ಲೇ ಕೂತು ಅತ್ತಿದ್ದು. ಈ ಮನೇಲಿ ನಂದು ಅಂತ ಇರೋದು ಅದೊಂದೇ ಕೋಣೆ.”

ಯಾರೂ ಮಾತಾಡಲಿಲ್ಲ. ನಕ್ಷೆ ಸುತ್ತಿಟ್ಟೆ.

ಅಡುಗೆಮನೆ ಮೂಲೆ ಸೇರಿದ್ದಕ್ಕೆ ಹಿಂದಿನ ಕಾಲದಲ್ಲಿ ಕಾರಣಗಳಿದ್ದವು. ನಾನು ಹುಟ್ಟಿದ ಹಳ್ಳಿಯ ತೊಟ್ಟಿಮನೆಯಲ್ಲಿ ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಗೋಡೆಯಿಲ್ಲದ ಪಡಸಾಲೆ. ರಾಗಿ ಕೇರುವುದು, ಲೆಕ್ಕ ಬರೆಯುವುದು, ಮಗ್ಗಿ ಹೇಳುವುದು, ಮಲಗುವುದು ಎಲ್ಲ ಅಲ್ಲೇ. ಈಗಿನವರು ‘ಓಪನ್ ಪ್ಲಾನ್’ ಎನ್ನುವುದು ಇದನ್ನೇ. ಆದರೆ ಅಡುಗೆಮನೆ ಮಾತ್ರ ಹಿಂದಿನ ಕತ್ತಲೆ ಕೋಣೆ. ಒಂದು ಕಾರಣ ಮಡಿ. ಇನ್ನೊಂದು ಹೊಗೆ. ಸೌದೆ ಒಲೆಯ ಮುಂದೆ ಕೂತು ಕೂತು ನಮ್ಮಜ್ಜಿಯ ಕಣ್ಣು ಸದಾ ಕೆಂಪಗಿರುತ್ತಿತ್ತು. ಜಂತೆಯಿಂದ ಮಸಿ ಇಳಿಬೀಳುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ‘ಅಸ್ತ್ರ’ ಎಂಬ ಕೇಂದ್ರದವರು ಮೂರು ಪಾತ್ರೆ ಕೂರಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆ ಮಾಡಿಕೊಟ್ಟರು. ‘ಅಸ್ತ್ರ ಒಲೆ’ ಎಂದರೆ ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದೀತು. ಆಮೇಲೆ ಗ್ಯಾಸ್ ಬಂತು. ಹೊಗೆ ಹೋಯಿತು, ಹೊಗೆಗೆಂದು ಕಟ್ಟಿದ ಗೋಡೆ ಮಾತ್ರ ನಕ್ಷೆಯಲ್ಲಿ ಉಳಿದುಕೊಂಡಿತು.

ಅಡುಗೆಮನೆಯನ್ನೇ ಒಂದು ವಿದ್ಯೆಯಾಗಿ ನೋಡಿದವರೂ ಇದ್ದಾರೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್‌ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಅಗಲ ಸುಮಾರು 6 ಅಡಿ, ಉದ್ದ ಸುಮಾರು 11 ಅಡಿ. ಅಕ್ಕಿ ಮುಂತಾದವಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು, ಕಿಟಕಿಯ ಕೆಳಗೆ ಕೂತು ಹೆಚ್ಚಲು ಸ್ಟೂಲು, ಪಕ್ಕದ ಕೋಣೆಯಲ್ಲಿ ಆಡುವ ಮಕ್ಕಳನ್ನು ನೋಡಲು ಸರಿಯುವ ಬಾಗಿಲು. ಅಂಥವು ಸುಮಾರು 10,000 ಅಡುಗೆಮನೆಗಳಾದವು. ತಮಾಷೆಯೆಂದರೆ, ಅದನ್ನು ರೂಪಿಸುವವರೆಗೆ ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಅವರೇ ಮುಂದೆ ಹೇಳಿಕೊಂಡರು. ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು! ಆದರೆ ಅವರು ಅಳೆದಿದ್ದರು, ನಾನು ಅಳೆದಿರಲಿಲ್ಲ. ಅಲ್ಲಿಯೂ ಒಂದು ತೊಡಕಿತ್ತು: ಅಷ್ಟು ಕಿರಿದಾದ ಜಾಗದಲ್ಲಿ ಇಬ್ಬರು ನಿಲ್ಲುವುದು ಕಷ್ಟ. ಅಡುಗೆ ಮಾಡುವವರು ಮತ್ತೆ ಒಂಟಿಯೇ.

ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಬೇರೆ ದಾರಿ ಹಿಡಿದರು. 1937ರಲ್ಲಿ ಮ್ಯಾಡಿಸನ್ ಊರಿನಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಕರ್ತರಿಗೆ 5,500 ಡಾಲರಿನಲ್ಲಿ ಮನೆ ಕಟ್ಟಿಕೊಟ್ಟಾಗ ಅಡುಗೆಮನೆಯನ್ನು ಹಿಂದೆ ತಳ್ಳದೆ ಮನೆಯ ನಡುವೆಯೇ ಇಟ್ಟು, ಊಟದ ಜಾಗದ ಕಡೆಗೆ ತೆರೆದುಬಿಟ್ಟರು. ಅದಕ್ಕೆ ಅವರಿಟ್ಟ ಹೆಸರು ‘ವರ್ಕ್‌ಸ್ಪೇಸ್’. ಕೆಲಸದ ಜಾಗ ಎಂದರೆ ಆಗ ಅಡುಗೆಯ ಜಾಗ! ನಮ್ಮ ಸೊಸೆಗೆ ಇದನ್ನು ಹೇಳಿದಾಗ, “ಹಾಗಾದ್ರೆ ಮಾವ, ಅತ್ತೆಗೂ ನನಗೂ ಒಂದೇ ಆಫೀಸು” ಎಂದಳು. ನನ್ನಾಕೆ ಮೊದಲ ಸಲ ನಕ್ಕಳು. ಸರಿ, ಮಾತು ಮತ್ತೆ ಶುರುವಾಯಿತು.

ಈ ಸಲ ಕಾಗದದ ಮೇಲೆ ಬರೆಯಲಿಲ್ಲ. ಐದನೇ ಕ್ಲಾಸಿನ ಮೊಮ್ಮಗಳೂ ನಾನೂ ಸೀಮೆಸುಣ್ಣ ಹಿಡಿದು ತಾರಸಿಯ ಮೇಲೆ ಅಡುಗೆಮನೆ, ಹಾಲ್ ಎರಡನ್ನೂ ನಿಜವಾದ ಅಳತೆಯಲ್ಲೇ ಬರೆದೆವು. ಮಕ್ಕಳೇ, ಇದನ್ನು ನೀವೂ ಮಾಡಿ ನೋಡಿ. ಇದಕ್ಕಿಂತ ಒಳ್ಳೆಯ ರಜೆಯ ಆಟ ನನಗೆ ಗೊತ್ತಿಲ್ಲ. ಮೊಮ್ಮಗಳು ಅಜ್ಜಿಯಾದಳು. ಒಲೆ ಬರೆದಿದ್ದ ಕಡೆ ನಿಂತು ಸುಳ್ಳುಸುಳ್ಳೇ ಸಾರು ಕದಡುತ್ತಾ, “ತಾತ, ಗೋಡೆ ತೆಗೆದ್ರೂ ನೀವ್ಯಾರೂ ನಂಗೆ ಕಾಣ್ಸೋದೇ ಇಲ್ಲ. ನಿಮಗೆ ನನ್ನ ಬೆನ್ನು ಕಾಣುತ್ತೆ ಅಷ್ಟೆ” ಎಂದಳು.

ನಲವತ್ತು ವರ್ಷ ನಕ್ಷೆ ಬರೆದವನಿಗೆ ಕಾಣದ್ದು ಅವಳಿಗೆ ಕಂಡಿತು. ನಮ್ಮ ಒಲೆ ಇರುವುದು ಹಿತ್ತಲ ಕಡೆಯ ಗೋಡೆಗೆ. ಒಲೆಯನ್ನು ಇತ್ತ ತರೋಣವೆಂದರೆ, ಸಿಡಿಯುವ ಸಾಸಿವೆ ಸೊಸೆಯ ಲ್ಯಾಪ್‌ಟಾಪಿನ ಮೇಲೆ! ಎಕ್ಸಾಸ್ಟ್ ಫ್ಯಾನೂ ಹೊರಗೋಡೆಯಲ್ಲೇ ಇರಬೇಕು. ಆಗ ಮೊಮ್ಮಗಳಿಗೆ ಇನ್ನೊಂದು ಕೆಲಸ ಕೊಟ್ಟೆ. ಅಷ್ಟರಲ್ಲಿ ಅಜ್ಜಿಯ ಪ್ಲಾಸ್ಟರ್ ಬಿಚ್ಚಿದ್ದರು, ಅಡುಗೆ ಮೆಲ್ಲಗೆ ಶುರುವಾಗಿತ್ತು. ಒಂದು ಭಾನುವಾರ ಬೆಳಗ್ಗೆ ಗಡಿಯಾರ ಹಿಡಿದು ಕೂತು, ಅಜ್ಜಿ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ ಎಂದು ಬರೆದುಕೊಂಡಳು. 70 ನಿಮಿಷದಲ್ಲಿ ಒಲೆಯ ಮುಂದೆ ನಿಂತದ್ದು 20 ನಿಮಿಷವೂ ಇಲ್ಲ. ಉಳಿದದ್ದೆಲ್ಲ ಸೊಪ್ಪು ಬಿಡಿಸುವುದು, ಹುರುಳಿಕಾಯಿ ಹೆಚ್ಚುವುದು, ಕಾಯಿ ತುರಿಯುವುದು, ಅಕ್ಕಿ ಆರಿಸುವುದು. ಈ ಕೆಲಸಗಳಿಗೆ ಬೆಂಕಿ ಬೇಡ. ಅವು ಈಚೆ ಬರಬಹುದು.

ಹೀಗೆ ತೀರ್ಮಾನವಾಯಿತು. ಒಲೆ ಇದ್ದಲ್ಲೇ ಇರಲಿ. ನಡುಗೋಡೆಯ ಅಡುಗೆಮನೆಯ ಮಗ್ಗುಲಿಗೆ ಹೆಚ್ಚುವ ಕಟ್ಟೆ, ಹಾಲ್‌ನ ಮಗ್ಗುಲಿಗೆ ಓದುವ–ಬರೆಯುವ ಮೇಜು. ಹೆಚ್ಚುವವರೂ ಬರೆಯುವವರೂ ಎದುರುಬದುರು.

ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿ, “ಸಾರ್, ಇದು 9 ಇಂಚಿನ ಗೋಡೆ. ಕಂಬ ಇಲ್ಲದ ಮನೆ. ತಾರಸಿ ಇದರ ಮೇಲೇ ಕೂತಿದೆ, ಪೂರ್ತಿ ತೆಗೆಯೋಕಾಗಲ್ಲ” ಎಂದರು. ಹಳೆಯ ಮನೆಯವರು ಈ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು: ಎಂಜಿನಿಯರಿಗೆ ತೋರಿಸದೆ ಒಂದು ಇಟ್ಟಿಗೆಯನ್ನೂ ಕೀಳಿಸಬೇಡಿ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬಂದು ಲೆಕ್ಕ ಹಾಕಿದರು. ತಾರಸಿಗೆ ಕೆಳಗಿನಿಂದ ಜಾಕಿ ಕೊಟ್ಟು, ಗೋಡೆಯ ಅರ್ಧ ದಪ್ಪ ಕೊರೆದು ಒಂದು ಕಬ್ಬಿಣದ ತೊಲೆ ಕೂರಿಸಿ, ಅದು ಬಿಗಿಯಾದ ಮೇಲೆ ಇನ್ನೊಂದು ಮಗ್ಗುಲಿಂದ ಇನ್ನೊಂದು ತೊಲೆ. ಆಮೇಲಷ್ಟೇ ಕೆಳಗಿನ ಇಟ್ಟಿಗೆ ತೆಗೆಯುವುದು. ತೊಲೆ ಕೂರಲು ಎರಡೂ ಕಡೆ ಪೂರ್ತಿ ಎತ್ತರದ ಗೋಡೆ ಉಳಿಯಬೇಕು.

“ಎಷ್ಟು ಉಳಿಸ್ತೀರಿ?” ಎಂದು ನನ್ನಾಕೆ ಕೇಳಿದಳು.

“ಒಂದೂವರೆ ಅಡಿ ಇದ್ರೂ ಸಾಕಮ್ಮ.”

“ಕಿಟಕಿ ಪಕ್ಕ ಮೂರಡಿ ಬಿಡಿ.”

“ಬಿಟ್ರೆ ನನಗೂ ಒಳ್ಳೇದೇ” ಎಂದರು ಅವರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. 12 ಅಡಿಯ ಗೋಡೆಯಲ್ಲಿ ಬಾಗಿಲಿಗೆ ಮೂರಡಿ, ಅದರ ಪಕ್ಕ ಒಂದೂವರೆ ಅಡಿ ಗೋಡೆ, ನಡುವೆ ನಾಲ್ಕೂವರೆ ಅಡಿ ತೆರವು, ಪೂರ್ವದ ಕಿಟಕಿಯ ಕಡೆ ಅವಳ ಮೂರಡಿ. ಅದರ ಮರೆಗೆ ಒಂದು ಬೆತ್ತದ ಕುರ್ಚಿ.

ತೆರವಿನ ಕೆಳಗೆ 42 ಇಂಚಿನ ಮೋಟುಗೋಡೆ ಬಿಟ್ಟೆವು. ಈಚೆ ಮೇಜಿನಲ್ಲಿ ಕೂತವರಿಗೆ ಆಚೆಯ ಸಿಪ್ಪೆ, ನೀರು ಯಾವುದೂ ಕಾಣದು, ಸಿಡಿಯದು. ನಿಂತು ಹೆಚ್ಚುವವರಿಗೆ ಈಚೆಯವರ ಮುಖ ಕಾಣುತ್ತದೆ. ಕಟ್ಟೆಯ ಎತ್ತರವನ್ನು ಈ ಸಲ ಪೆನ್ಸಿಲ್ಲು ಹೇಳಲಿಲ್ಲ. ಅಜ್ಜಿಯನ್ನು ನೇರ ನಿಲ್ಲಿಸಿ, ಮೊಣಕೈ ಮಡಿಸಿ, ನೆಲದಿಂದ ಮೊಣಕೈವರೆಗೆ ಮೊಮ್ಮಗಳು ಟೇಪು ಹಿಡಿದಳು: 36 ಇಂಚು. ಅದರಲ್ಲಿ ನಾಲ್ಕೈದು ಇಂಚು ಕಳೆದರೆ ಹೆಚ್ಚುವ ಕೈಗೆ ಹಿತವಾದ ಎತ್ತರ. 31 ಇಂಚಿಗೆ ಕಟ್ಟೆ ಕಟ್ಟಿಸಿದೆವು. ಒಲೆಯ ಕಟ್ಟೆಯನ್ನೂ ಅಷ್ಟಕ್ಕೇ ಇಳಿಸಿದೆವು. ಬರೆಯುವ ಮೇಜು 29 ಇಂಚು. ನಿಮ್ಮ ಮನೆಯ ಅಜ್ಜಿಯನ್ನೋ ಅಮ್ಮನನ್ನೋ, ಅಡುಗೆ ಮಾಡುವ ಅಪ್ಪನನ್ನೋ ಹೀಗೇ ಅಳೆದು, ಕಟ್ಟೆಯ ಜೊತೆ ಹೋಲಿಸಿ ನೋಡಿ.

ಗ್ಯಾಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೇರದೆ ನೆಲದ ಮೇಲೆ ಹರಡುತ್ತದೆ. ಕಂಪ್ಯೂಟರ್ ಇರುವ ಕಡೆ ಎಕ್ಸ್‌ಟೆನ್ಷನ್ ಬಾಕ್ಸು ಬಿದ್ದಿರುವುದೂ ನೆಲದ ಮೇಲೇ. ಅದಕ್ಕೇ ಸಿಲಿಂಡರನ್ನು ಹೊರಗಿನ ಗಾಳಿಯಾಡುವ ಜಾಗಕ್ಕೆ, ಏಜೆನ್ಸಿಯವರ ಕೈಯಲ್ಲೇ, ಸಾಗಿಸಿದೆವು. ಹೊರಗೋಡೆಯಲ್ಲಿ ನೆಲಮಟ್ಟಕ್ಕೆ ಜಾಲರಿ ಇಟ್ಟ ಕಿಂಡಿ ಬಿಡಿಸಿದೆವು. ಮೇಜಿನ ಪ್ಲಗ್ಗುಗಳೆಲ್ಲ ಈಚೆ ಮಗ್ಗುಲಲ್ಲಿ, ಮೇಜಿಗಿಂತ ಮೇಲೆ. ಎಕ್ಸಾಸ್ಟ್ ಫ್ಯಾನಿನದೂ ಒಂದು ಗುಟ್ಟಿದೆ: ಹಾಲ್‌ನ ಕಿಟಕಿ ಒಂದಿಷ್ಟು ತೆರೆದರೆ ಮಾತ್ರ ಅದು ಘಾಟನ್ನು ಸರಿಯಾಗಿ ಎಳೆಯುತ್ತದೆ. ಗಾಳಿ ಒಳಗೆ ಬಾರದೆ ಹೊರಗೆ ಹೇಗೆ ಹೋದೀತು?

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮೊದಲ ವಾರವೇ ಸೊಸೆಯ ಮೀಟಿಂಗಿನ ನಡುವೆ ಕುಕ್ಕರ್ ಮೂರು ವಿಷಲ್ ಹಾಕಿತು. ಬೆಂಗಳೂರಿನ ಅವಳ ಮೇಲಧಿಕಾರಿ, “ಬೇಳೆನಾ, ಅನ್ನನಾ?” ಎಂದು ಕೇಳಿದರಂತೆ. ಮಿಕ್ಸಿಯನ್ನು ಹಿತ್ತಲ ಕಡೆ ಸಾಗಿಸಿದೆವು. ಆಮೇಲೆ ಮೊಮ್ಮಗಳು ಒಂದು ಕಾನೂನು ಮಾಡಿದಳು: ಮೋಟುಗೋಡೆಯ ಮೇಲೆ ಕೆಂಪು ಪ್ಲಾಸ್ಟಿಕ್ ಲೋಟ ಇಟ್ಟಿದ್ದರೆ ಮೀಟಿಂಗ್ ನಡೆಯುತ್ತಿದೆ, ಕುಕ್ಕರ್ ಇಲ್ಲ, ಒಗ್ಗರಣೆ ಇಲ್ಲ. ಸೊಸೆ ಅದನ್ನು ತಪ್ಪದೆ ಇಡುತ್ತಾಳೆ, ತೆಗೆಯಲು ಮರೆಯುತ್ತಾಳೆ. ಎರಡು ಸಲ ನಮ್ಮ ಮನೆಯಲ್ಲಿ ಊಟ ಮೂರು ಗಂಟೆಗೆ ಆಯಿತು.

ಮೂರನೆಯ ಸಲ ನನ್ನಾಕೆಯೇ ಲೋಟವನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಈಗ ಮಧ್ಯಾಹ್ನ ಎರಡು ಗಂಟೆಗೆ ಅದು ಮೂರಡಿ ಗೋಡೆಯ ಪಕ್ಕದ ಕಟ್ಟೆಯ ತುದಿಗೆ ಬಂದು ಕೂರುತ್ತದೆ. ಆಗ ಅವಳನ್ನು ಯಾರೂ ಕರೆಯಬಾರದು, ಕಾಫಿ ಕೇಳಬಾರದು. ಗೋಡೆಯಾಚೆ ಬೆತ್ತದ ಕುರ್ಚಿ ಕಿರ್ ಎನ್ನುವುದೂ ಪುಟ ತಿರುವುವುದೂ ಮಾತ್ರ ನಮಗೆ ಕೇಳುತ್ತವೆ. ಅವಳು ಅಲ್ಲಿದ್ದಾಳೆ ಎಂದು ತಿಳಿಯಲು ಅಷ್ಟು ಸಾಕು.

ಹಳೆಯ ಮಣೆಯನ್ನು ಒಲೆಗೆ ಹಾಕಿಬಿಡಿ ಎಂದಿದ್ದೆ. ಅವಳು ಕೇಳಲಿಲ್ಲ. 29 ಇಂಚಿನ ಮೇಜಿಗೆ ದೊಡ್ಡವರ ಕುರ್ಚಿ ಎಳೆದುಕೊಂಡು ಕೂತರೆ ಮೊಮ್ಮಗಳ ಕಾಲು ನೆಲಕ್ಕೆ ಎಟುಕುವುದಿಲ್ಲ. ಮೇಜಿನ ಕೆಳಗೆ, ಅವಳ ಪಾದಕ್ಕೆ ಸರಿಯಾಗಿ, ಅಜ್ಜಿ ಆ ಮಣೆ ಇಟ್ಟಿದ್ದಾಳೆ. ಜಾರದಿರಲಿ ಎಂದು ಅಡಿಗೆ ಸೈಕಲ್ ಟ್ಯೂಬಿನ ತುಂಡು ಹೊಡೆದವನು ನಾನು.