ಹಿತ್ತಿಲ ದಾರಿಯ ನಡಿಗೆ

ಕರ್ನಾಟಕದಿಂದ ಬಂದಿಳಿದ ತಂದೆತಾಯಿಯರು ಮೊದಲೆರಡು ದಿನ ಹಗಲಿರುಳಿನ ಲೆಕ್ಕ ತಪ್ಪಿ ತೂಕಡಿಸುತ್ತಾರೆ. ಮೂರನೆಯ ದಿನ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಕಾಫಿ ಮುಗಿಸಿ, "ಇಲ್ಲಿ ವಾಕಿಂಗ್‌ಗೆ ಎಲ್ಲಿಗೆ ಹೋಗೋದಪ್ಪಾ?" ಎಂದು ಕೇಳುತ್ತಾರೆ. ನಾರ್ತ್ ಕೆರೊಲಿನಾದ ನಮ್ಮ ಏಪೆಕ್ಸಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. 1873ರಲ್ಲಿ ಪಟ್ಟಣವೆಂದು ನೋಂದಣಿಯಾದ ಈ ಊರು, ಹಳೆಯ ರೈಲುಹಾದಿಯ ಅತ್ಯುನ್ನತ ಸ್ಥಳದಲ್ಲಿದ್ದುದರಿಂದ ಆ ಹೆಸರು ಪಡೆಯಿತೆಂದು ಇಲ್ಲಿಯವರು ಹೇಳುತ್ತಾರೆ. ಊರಿನ ಪಶ್ಚಿಮಕ್ಕೆ ಹೋದರೆ ಇನ್ನೊಂದು ರೈಲುಹಾದಿ ಸಿಗುತ್ತದೆ. ಅದರಲ್ಲಿ ಈಗ ಹಳಿಗಳಿಲ್ಲ, ರೈಲೂ ಇಲ್ಲ. ಅದೇ ಅಮೆರಿಕನ್ ಟೊಬ್ಯಾಕೊ ಟ್ರೇಲ್.

ಡರಮ್ ನಗರದ ಸಿಗರೇಟು ಕಾರ್ಖಾನೆಗೆ ಸೇವೆ ಸಲ್ಲಿಸುತ್ತಿದ್ದ ರೈಲುಮಾರ್ಗವದು. ಕಾರ್ಖಾನೆ 1987ರಲ್ಲಿ ಮುಚ್ಚಿತು. ಹಳಿ ಕಿತ್ತ ನೆಲ 22 ಮೈಲಿಗೂ ಮಿಕ್ಕ ಕಾಲುದಾರಿಯಾಯಿತು. ದಕ್ಷಿಣದ ತುದಿ ನಮ್ಮ ಏಪೆಕ್ಸಿನ ಮಗ್ಗುಲಲ್ಲಿದ್ದು, ಅಲ್ಲಿ ಪೈನ್ ಮರಗಳ ನೆರಳಿದೆ, ಜಲ್ಲಿಪುಡಿ ಹಾಸಿದ ನೆಲವಿದೆ, ಕುದುರೆ ಸವಾರರೂ ಎದುರಾಗುತ್ತಾರೆ. ಉತ್ತರದ ತುದಿ ಡರಮ್ ನಗರದ ನಡುವಿಗೆ ಮುಟ್ಟುತ್ತದೆ. ಅಂತರರಾಜ್ಯ ಹೆದ್ದಾರಿ 40ರ ಮೇಲೆ 2014ರಲ್ಲಿ ಸೇತುವೆ ತೆರೆದ ಮೇಲೆ ಈ ಎರಡು ತುದಿಗಳು ಕೂಡಿದವು. ಕೆಲವು ವರ್ಷಗಳಿಂದ ಬೇಸಿಗೆಯ ಶನಿವಾರಗಳಲ್ಲಿ, ಮಕ್ಕಳ ಮನೆಗೆ ಬಂದ ಹಿರಿಯರನ್ನು ಕೂಡಿಸಿಕೊಂಡು ನಾನು ಈ ದಾರಿಯಲ್ಲಿ ನಡೆಯುತ್ತಿದ್ದೇನೆ.

ಒಮ್ಮೆ ಪಿರಿಯಾಪಟ್ಟಣದ ಕಡೆಯ ನಿವೃತ್ತ ಮೇಷ್ಟರೊಬ್ಬರು ಇಡೀ ದಾರಿಯನ್ನು ತುಂಡುತುಂಡಾಗಿ ನಡೆದು ಮುಗಿಸುವ ಸಂಕಲ್ಪ ಮಾಡಿದರು. ಅವರ ಮಗ ನನಗೆ ದೂರವಾಣಿಯಲ್ಲಿ, "ಸೇತುವೆಯ ತನಕ ಕರೆದುಕೊಂಡು ಹೋಗಿ, ಆಚೆಗೆ ಮಾತ್ರ ಬೇಡ" ಎಂದರು. ಆ ಭಯ ಗಾಳಿಸುದ್ದಿಯಿಂದ ಹುಟ್ಟಿದ್ದಲ್ಲ. ಡರಮ್ ಭಾಗದ ದಾರಿಯಲ್ಲಿ ಹಿಂದೆ ಸುಲಿಗೆಗಳೂ ಹಲ್ಲೆಗಳೂ ನಡೆದಿವೆ. ಪೊಲೀಸರು ಸೈಕಲ್ಲೇರಿ ಗಸ್ತು ತಿರುಗಿದ್ದಾರೆ. ಆದರೆ ನಮ್ಮ ಊಟದ ಮೇಜುಗಳಲ್ಲಿ ಆ ಭಯ "ಆ ಕಡೆ ಜನ ಸರಿಯಿಲ್ಲ" ಎಂಬ ರೂಪ ತಾಳುತ್ತದೆ. ಯಾವ ಜನ ಎಂದು ಕೇಳಿದರೆ ಮಾತು ತಡವರಿಸುತ್ತದೆ. ಹೀಗಾಗಿ ಮೇಷ್ಟರಿಗೆ ಹೌದು ಅಥವಾ ಇಲ್ಲ ಎನ್ನುವ ಮೊದಲು ಆ ಉತ್ತರದ ಕೊನೆಯ ಮೂರು ಮೈಲಿಗಳನ್ನು ನಾನೊಬ್ಬನೇ, ಬೇರೆ ಬೇರೆ ಹೊತ್ತಿನಲ್ಲಿ, ಹಲವು ಸಲ ನಡೆದು ನೋಡಿದೆ.

ನೋಡಿದ ಮೇಲೆ ಅರ್ಥವಾದದ್ದು ಇಷ್ಟು: ರೈಲು ಯಾವ ಊರಿನಲ್ಲೂ ಮನೆಗಳ ಮುಂದೆ ಹಾದುಹೋಗುವುದಿಲ್ಲ, ಹಿಂದೆ ಹಾದುಹೋಗುತ್ತದೆ. ನಮ್ಮ ಹಳ್ಳಿಯ ಕೇರಿಯಲ್ಲಿ ಪ್ರತಿಯೊಂದು ಮನೆಗೂ ಜಗಲಿ ಇತ್ತು. ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕುಳಿತ ಅಜ್ಜಿಯ ಕಣ್ಣು ತಪ್ಪಿಸಿ ಬೆಕ್ಕು ಕೂಡ ಕೇರಿ ದಾಟುವಂತಿರಲಿಲ್ಲ. ಜೇನ್ ಜೇಕಬ್ಸ್ ಎಂಬ ಲೇಖಕಿ ಅಮೆರಿಕದ ಮಹಾನಗರಗಳನ್ನು ಕುರಿತು 1961ರಲ್ಲಿ ಬರೆದ ಗ್ರಂಥದಲ್ಲಿ, ಬೀದಿಯನ್ನು ಕಾಯುವುದು ಮುಖ್ಯವಾಗಿ ಪೊಲೀಸರಲ್ಲ, ಬೀದಿಯ ಮೇಲೆ ಸದಾ ಇರುವ ನಿವಾಸಿಗಳ, ಅಂಗಡಿಯವರ ಕಣ್ಣುಗಳು ಎಂದು ವಾದಿಸಿದಳು. ನಮ್ಮ ಅಜ್ಜಿಯರಿಗೆ ಆ ಗ್ರಂಥ ಬೇಕಿರಲಿಲ್ಲ ಎನ್ನಿ. ಈ ಟ್ರೇಲು ಸಾಗುವುದು ಜಗಲಿಗಳ ಮುಂದಲ್ಲ, ಹಿತ್ತಿಲುಗಳ ಬೆನ್ನಿಗೆ. ಕೆಲವೆಡೆ ಎರಡೂ ಬದಿಗೆ ಬೇಲಿ, ಕೆಲವೆಡೆ ದಿಬ್ಬ ಕಡಿದು ಮಾಡಿದ ಕಣಿವೆ. ಒಳಹೊಕ್ಕರೆ ಮುಂದಿನ ಅಡ್ಡರಸ್ತೆಯವರೆಗೆ ಹೊರಬರುವ ದಾರಿಯಿಲ್ಲ. ಸುಲಿಯುವವನಿಗೆ ಬೇಕಾದುದು ಇಂಥ ಜಾಗ. ಅದಕ್ಕೂ ನೆರೆಹೊರೆಯವರ ಮೈಬಣ್ಣಕ್ಕೂ ಸಂಬಂಧವಿಲ್ಲ.

ನೆರೆಹೊರೆಯ ಕಥೆಯನ್ನೂ ಹೇಳಬೇಕು. ಅಲ್ಲಿಗೆ ಹತ್ತಿರದಲ್ಲೇ ಹೇಟಾಯ್ ಎಂಬ ಪ್ರದೇಶವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡರಮ್‌ನ ಕಪ್ಪು ಜನಾಂಗದವರು ಕಟ್ಟಿದ ವಿಮಾ ಕಂಪನಿ, ಬ್ಯಾಂಕು, ಅಂಗಡಿಗಳನ್ನು ಬುಕರ್ ಟಿ. ವಾಷಿಂಗ್ಟನ್ನರೂ ಡಬ್ಲ್ಯು. ಇ. ಬಿ. ಡುಬಾಯ್ಸರೂ ಬಂದು ನೋಡಿ ಕೊಂಡಾಡಿದ್ದರು. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಹೇಟಾಯ್‌ನ ನಡುವೆ ಹೆದ್ದಾರಿಯೊಂದನ್ನು ನುಗ್ಗಿಸಲಾಯಿತು. ಆ ಯೋಜನೆಗೆ 4,000ಕ್ಕೂ ಮಿಕ್ಕ ಕುಟುಂಬಗಳ ಮನೆಗಳೂ 500ರಷ್ಟು ವ್ಯಾಪಾರ ಸಂಸ್ಥೆಗಳೂ ಆಹುತಿಯಾದವು. ಕೇರಿಯನ್ನು ಕಾಯುತ್ತಿದ್ದ ಕಣ್ಣುಗಳೆಲ್ಲ ಚದುರಿಹೋದವು.

"ಆ ಜನ" ಎಂಬ ಮಾತು ನಮ್ಮ ಕಡೆಗೂ ತಿರುಗಬಲ್ಲದು. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲೆಂದು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜನೊಬ್ಬ ಮಗನ ಮನೆಯ ಬಳಿ ಬೆಳಗಿನ ಹೊತ್ತು ನಡೆಯುತ್ತಿದ್ದ. ಯಾರೋ ಅಪರಿಚಿತ ಓಡಾಡುತ್ತಿದ್ದಾನೆಂದು ನೆರೆಯವರೊಬ್ಬರು ಪೊಲೀಸರಿಗೆ ತಿಳಿಸಿದರು. ಇಂಗ್ಲಿಷ್ ಬಾರದ ಆತನನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ. ಕುತ್ತಿಗೆಗೆ ಪೆಟ್ಟುಬಿದ್ದು ದೇಹ ಭಾಗಶಃ ಸ್ವಾಧೀನ ತಪ್ಪಿತು. ಅದು ಸುರಕ್ಷಿತವೆಂದು ಹೆಸರಾದ ಬಡಾವಣೆ. ಈ ಸಂಗತಿಯನ್ನು ನಾನು ಹಿರಿಯರಿಗೆ ಹೆದರಿಸಲೆಂದು ಹೇಳುವುದಿಲ್ಲ. ಪೊಲೀಸರು ಕರೆದರೆ ನಿಲ್ಲಿ, ಕೈಗಳು ಕಾಣುವಂತಿರಲಿ, ಜೇಬಿಗೆ ಕೈಹಾಕಬೇಡಿ, ಬೆನ್ನು ತಿರುಗಿಸಿ ನಡೆಯಬೇಡಿ ಎಂದು ತಿಳಿಸಲು ಹೇಳುತ್ತೇನೆ. ಮಗನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಅಂಗಿಯ ಹೊರಗೆ ಕೊರಳಪಟ್ಟಿಯಲ್ಲಿ ತೂಗುಹಾಕಿಕೊಳ್ಳುವುದು ನಮ್ಮ ಗುಂಪಿನ ಪದ್ಧತಿ. "ಶಾಲೆಯ ಮಕ್ಕಳ ಹಾಗೆ" ಎಂದು ಮೇಷ್ಟರು ನಕ್ಕರು, ಆದರೆ ಹಾಕಿಕೊಂಡರು.

ಮಿಕ್ಕ ಎಚ್ಚರಿಕೆಗಳು ಸಾಮಾನ್ಯವಾದವು. ಸೂರ್ಯ ಹುಟ್ಟುವ ಮುನ್ನ ಟ್ರೇಲು ಬೇಡ. ನಿದ್ದೆ ಬಾರದಿದ್ದರೆ ಮನೆಯಲ್ಲಿಯೇ ವಿಷ್ಣುಸಹಸ್ರನಾಮ ಹೇಳಿಕೊಳ್ಳಬಹುದು. ನಗರದ ಭಾಗಕ್ಕೆ ಶನಿವಾರ ಬೆಳಗಿನ ಎಂಟೂವರೆ ಒಳ್ಳೆಯ ಹೊತ್ತು. ಓಡುವವರು, ಸೈಕಲ್ಲಿನವರು, ನಾಯಿ ಹಿಡಿದವರು ಆಗ ತುಂಬಿರುತ್ತಾರೆ, ಅವರೇ ನಮ್ಮ ಜಗಲಿಯ ಕಣ್ಣುಗಳು. ಕಿವಿಗೆ ಭಜನೆ ಸಿಕ್ಕಿಸಿಕೊಂಡು ನಡೆಯಬಾರದು. ಮಾಂಗಲ್ಯದ ವಿಷಯದಲ್ಲಿ ತಾಯಂದಿರೊಡನೆ ವಾದಕ್ಕಿಳಿಯದೆ, ಅದು ರವಿಕೆಯ ಒಳಗಿರಲಿ, ಬಳೆಗಳು ಮನೆಯಲ್ಲಿರಲಿ ಎಂಬಲ್ಲಿಗೆ ರಾಜಿಯಾಗಿದ್ದೇವೆ. ಅಡ್ಡರಸ್ತೆ ದಾಟಿದಾಗಲೆಲ್ಲ ಅದರ ಹೆಸರನ್ನು ಗಟ್ಟಿಯಾಗಿ ಓದುತ್ತೇವೆ. 911ಕ್ಕೆ ಕರೆ ಮಾಡಿದರೆ ಮೊದಲು ಹೇಳಬೇಕಾದುದು ಸ್ಥಳವನ್ನು; ಅನಂತರ ಮಾತು ತೋಚದಿದ್ದರೂ ಚಿಂತೆಯಿಲ್ಲ. ಇಲ್ಲಿಯ ಜಾಲಕ್ಕೆ ಹೊಂದುವ ಮೊಬೈಲಾದರೆ, ಚಂದಾ ಇಲ್ಲದಿದ್ದರೂ 911 ಕರೆಯನ್ನು ಮುಟ್ಟಿಸಬೇಕೆಂಬುದು ಇಲ್ಲಿಯ ನಿಯಮ. ಆದರೆ ಅಂಥ ಮೊಬೈಲಿಗೆ ಅವರು ತಿರುಗಿ ಕರೆ ಮಾಡಲಾರರು, ಆದುದರಿಂದ ಸಂಪರ್ಕ ಕಡಿಯಬಾರದು.

ಇಷ್ಟೆಲ್ಲ ಹೇಳಿದರೂ ನನಗೆ ಹೆಚ್ಚಿನ ಆತಂಕ ಕಳ್ಳನದಲ್ಲ, ಕಾರಿನದು. ಅಮೆರಿಕದಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪಾದಚಾರಿಗಳು 2009ರಲ್ಲಿ ಸುಮಾರು 4,100, 2022ರಲ್ಲಿ 7,500ಕ್ಕೂ ಹೆಚ್ಚು, ಬಹುಪಾಲು ಕತ್ತಲಲ್ಲಿ. ಅರವತ್ತು ವರ್ಷ ರಸ್ತೆ ದಾಟುವಾಗ ಮೊದಲು ಬಲಕ್ಕೆ ತಿರುಗಿದ ಕುತ್ತಿಗೆ ಇಲ್ಲಿಯೂ ಬಲಕ್ಕೇ ತಿರುಗುತ್ತದೆ, ಕಾರು ಎಡದಿಂದ ಬರುತ್ತದೆ. ಟ್ರೇಲು ರಸ್ತೆಯನ್ನು ಕೂಡುವ ಪ್ರತಿಯೊಂದು ಕಡೆಯೂ "ಎಡ, ಬಲ, ಮತ್ತೆ ಎಡ" ಎಂದು ನಮ್ಮ ಗುಂಪು ಕವಾಯತಿನಂತೆ ಹೇಳಿಕೊಳ್ಳುತ್ತದೆ. ಕಾಲುಹಾದಿಯಿಲ್ಲದ ರಸ್ತೆಯಲ್ಲಿ ಎದುರಿನ ವಾಹನಗಳು ಕಾಣುವಂತೆ ಎಡಬದಿಗೆ ನಡೆಯಬೇಕೆಂಬುದನ್ನೂ ಕಲಿಸಿದ್ದೇನೆ.

ಸಮ್ಮೇಳನದ ಸಂಜೆಗಳಲ್ಲಿ ಹೋಟೆಲಿನಿಂದ ಗಾಳಿ ಸೇವನೆಗೆ ಹೊರಡುವ ಪ್ರತಿನಿಧಿಗಳೂ ಒಂದು ಮಾತು ಕೇಳಬೇಕು: ಕಚೇರಿಗಳೇ ತುಂಬಿದ ನಗರಕೇಂದ್ರ ಆರು ಗಂಟೆಗೆ ಖಾಲಿಯಾಗುತ್ತದೆ. ಹತ್ತಿರದ ದಾರಿಗಿಂತ ಅಂಗಡಿ ತೆರೆದಿರುವ ದಾರಿ ಲೇಸು.

ಮೇಷ್ಟರ ಮಗ ಕೊನೆಗೆ ಒಪ್ಪಿದರು. ತಾವೂ ಜೊತೆಗೆ ಬಂದರು. ಹನ್ನೊಂದು ಜನ ಹೊರಟೆವು. ಹಿತ್ತಿಲೊಂದರಲ್ಲಿ ಬೆಂಡೆಗೆ ನೀರು ಹಾಕುತ್ತಿದ್ದ ಕಪ್ಪು ಜನಾಂಗದ ಹಿರಿಯರೊಬ್ಬರು ಬೇಲಿಯ ಬಳಿ ಬಂದು ನಮಸ್ಕರಿಸಿ, ಎಲ್ಲಿಂದ ಬಂದಿರಿ ಎಂದು ಕೇಳಿದರು. ಮೇಷ್ಟರು ಇಂಗ್ಲಿಷಿನಲ್ಲಿ ಮೈಸೂರು ಜಿಲ್ಲೆ ಎಂದರು. ಬೆಂಡೆಯ ಬಗ್ಗೆ ಇಬ್ಬರಿಗೂ ಹತ್ತು ನಿಮಿಷದ ಮಾತಾಯಿತು. ದಾರಿ ಮುಗಿದಲ್ಲಿ ಹಳೆಯ ಕಾರ್ಖಾನೆಯ ಚಿಮಣಿ ಕಂಡಿತು. 2004ರಿಂದ ಅಲ್ಲಿ ಕಚೇರಿಗಳೂ ಹೋಟೆಲುಗಳೂ ನಡೆಯುತ್ತಿವೆ. ಮೇಷ್ಟರು ಅದನ್ನು ಬಹಳ ಹೊತ್ತು ನೋಡಿ ಮಗನಿಗೆ ಹೇಳಿದರು: "ನಮ್ಮ ಹೊಲದ ಹೊಗೆಸೊಪ್ಪಿಗೂ ವರ್ಜೀನಿಯಾ ಅಂತಲೇ ಹೆಸರು ಕಣೋ. ನಿನ್ನ ಕಾಲೇಜಿನ ಫೀಸು ಬಂದದ್ದು ನಮ್ಮ ಬ್ಯಾರನ್ನಿನ ಹೊಗೆಯಿಂದ."